ಓಪನ್ ಕಾರ್ಡ್‌ನಲ್ಲಿ ‘ಗ’ ಎಲ್ಲಿದೆ?

ಗಿಟಾರ್ ಹಿಡಿದವರೆಲ್ಲ ಮೊದಲು ಕಲಿಯುವುದು ಏಳೆಂಟು ಓಪನ್ ಕಾರ್ಡ್‌ಗಳನ್ನು. ಕಾರ್ಡ್ ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು, ಓಪನ್ ಅಂದರೆ ಕೆಲವು ತಂತಿಗಳನ್ನು ಒತ್ತದೆ ಹಾಗೇ ಬಿಟ್ಟಿರುವುದು. ಇ, ಎ, ಡಿ, ಜಿ, ಸಿ, ಜತೆಗೆ ಇ ಮೈನರ್, ಎ ಮೈನರ್, ಡಿ ಮೈನರ್. ಇಷ್ಟು ಬಂದರೆ ನೂರಾರು ಹಾಡು ನುಡಿಸಬಹುದು. ಆದರೆ ಸ್ವಲ್ಪ ಸಮಯದಲ್ಲೇ ಒಂದು ಬೇಸರ ಶುರುವಾಗುತ್ತದೆ. ಕಾರ್ಡ್ ಸರಿ ಇದೆ, ತಾಳ ಸರಿ ಇದೆ, ಆದರೂ ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತದೆ. ಅದೇ ಡಿ, ಅದೇ ಜಿ ಹಿಡಿದು ಇನ್ನೊಬ್ಬರು ನುಡಿಸಿದರೆ ಒಳಗೊಳಗೇ ಒಂದು ಸಣ್ಣ ರಾಗ ಹರಿಯುತ್ತಿರುತ್ತದೆ. ಅವರು ಹೊಸ ಕಾರ್ಡ್ ಏನೂ ಹಾಕಿರುವುದಿಲ್ಲ. ಇದ್ದ ಒಂದು ಬೆರಳು ಎತ್ತಿರುತ್ತಾರೆ, ಇಲ್ಲವೇ ಇಲ್ಲದ ಒಂದು ಬೆರಳು ಇಟ್ಟಿರುತ್ತಾರೆ.

ಯಾವ ಬೆರಳು, ಯಾವಾಗ? ಇದಕ್ಕೆ ಉತ್ತರವಾಗಿ ಸಾಮಾನ್ಯವಾಗಿ ಸಿಗುವುದು ಉದ್ದದ ಪಟ್ಟಿ. ಸಸ್2, ಸಸ್4, ಆಡ್9, ಮೇಜರ್7 ಅಂತ ಹತ್ತಾರು ಚಿತ್ರಗಳು. ಬಾಯಿಪಾಠ ಮಾಡಬಹುದು, ಆದರೆ ಹಾಡಿನ ಮಧ್ಯೆ ಅವು ನೆನಪಿಗೆ ಬರುವುದಿಲ್ಲ. ನನ್ನ ಪ್ರಕಾರ ಪಟ್ಟಿಗಿಂತ ಒಂದೇ ಒಂದು ಪ್ರಶ್ನೆ ಜಾಸ್ತಿ ಕೆಲಸಕ್ಕೆ ಬರುತ್ತದೆ. ನಾನು ಈಗ ಹಿಡಿದಿರುವ ಕಾರ್ಡ್‌ನಲ್ಲಿ ಸರಿಗಮದ ‘ಗ’ ಎಲ್ಲಿದೆ?

ಮುಂದೆ ಹೋಗುವ ಮೊದಲು ಬರೆಯುವ ಕ್ರಮ ಹೇಳಿಬಿಡುತ್ತೇನೆ. ದಪ್ಪ ತಂತಿ 6ನೆಯದು, ತೆಳು ತಂತಿ 1ನೆಯದು. ಕಾರ್ಡನ್ನು ಆರು ಅಂಕಿಗಳಲ್ಲಿ ಬರೆದಾಗ ಎಡದಿಂದ ಬಲಕ್ಕೆ 6ರಿಂದ 1ನೇ ತಂತಿ ಅಂತ ಓದಿಕೊಳ್ಳಿ. ಅಂಕಿ ಅಂದರೆ ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡ ಕಂಬಿಗಳಿಂದ ಆಗಿರುವ ಮನೆ), 0 ಅಂದರೆ ಬಿಟ್ಟ ತಂತಿ, × ಅಂದರೆ ಆ ತಂತಿ ಮೀಟಬಾರದು. ಗಿಟಾರ್ ಎಂದಿನ ಶ್ರುತಿಯಲ್ಲಿದೆ: ಇ, ಎ, ಡಿ, ಜಿ, ಬಿ, ಇ.

ಕಾರ್ಡ್ ಒಳಗೆ ಇರುವುದು ಮೂರೇ ಸ್ವರ

ಮೇಜರ್ ಕಾರ್ಡ್ ಎಷ್ಟು ತಂತಿ ಬಳಸಿದರೂ ಅದರಲ್ಲಿರುವುದು ಸ, ಗ, ಪ ಮಾತ್ರ. ಕಾರ್ಡ್‌ನ ಹೆಸರೇ ಅದರ ಸ. ಡಿ ಕಾರ್ಡ್‌ಗೆ ಡಿ ಸ್ವರ ಸ, ಎ ಕಾರ್ಡ್‌ಗೆ ಎ ಸ್ವರ ಸ. ಸ ದಿಂದ ನಾಲ್ಕು ಫ್ರೆಟ್ ಮೇಲೆ ಗ, ಏಳು ಫ್ರೆಟ್ ಮೇಲೆ ಪ. ಕರ್ನಾಟಕ ಸಂಗೀತ ಗೊತ್ತಿದ್ದವರಿಗೆ ಈ ಗ ಅಂತರ ಗಾಂಧಾರ. ಮೈನರ್ ಕಾರ್ಡ್‌ನಲ್ಲಿ ಗ ಒಂದು ಫ್ರೆಟ್ ಇಳಿದು ಸಾಧಾರಣ ಗಾಂಧಾರ ಆಗುತ್ತದೆ. ಸ ಮತ್ತು ಪ ಎರಡರಲ್ಲೂ ಒಂದೇ.

ಅಂದರೆ ಒಂದು ಕಾರ್ಡ್ ನಗುತ್ತಿದೆಯೋ ಬಾಡಿದೆಯೋ ಅಂತ ಹೇಳುವುದು ಗ ಒಂದೇ. ಸ ಮತ್ತು ಪ ಬರೀ ನೆಲ ಗಟ್ಟಿ ಮಾಡುತ್ತವೆ. ಹಾಗಾಗಿ ಗ ವನ್ನು ಸ್ವಲ್ಪ ಅಲುಗಾಡಿಸಿದರೂ ಕಿವಿ ತಕ್ಷಣ ಗಮನಿಸುತ್ತದೆ. ಗ ಜಾಗದಲ್ಲಿ ಪಕ್ಕದ ಮ ಇಟ್ಟರೆ ಅದು ಸಸ್4. ಕೆಳಗಿನ ರಿ ಇಟ್ಟರೆ ಸಸ್2. ಗ ವನ್ನು ಹಾಗೇ ಉಳಿಸಿಕೊಂಡು ಬೇರೆ ತಂತಿಯಲ್ಲಿ ರಿ ಸೇರಿಸಿದರೆ ಆಡ್9. ಹೆಸರುಗಳ ಪಟ್ಟಿಯಲ್ಲಿ ಅರ್ಧ ಭಾಗ ಇಲ್ಲಿಗೇ ಮುಗಿಯಿತು.

ಡಿ: ಎಲ್ಲ ಕಣ್ಣೆದುರೇ ಇರುವ ಕಾರ್ಡ್

ಡಿ ಕಾರ್ಡ್ × × 0 2 3 2. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಓದಿದರೆ ಸ, ಪ, ಸ, ಗ. ಗ ಒಂದೇ ಕಡೆ ಇದೆ, ಅದೂ 1ನೇ ತಂತಿಯಲ್ಲಿ, 2ನೇ ಫ್ರೆಟ್‌ನಲ್ಲಿ. ಎಲ್ಲಕ್ಕಿಂತ ಮೇಲಿನ ಸ್ವರ ಅದು, ಹಾಗಾಗಿ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುವುದೂ ಅದೇ. ಅದನ್ನು ಒತ್ತಿರುವುದು ಸಾಮಾನ್ಯವಾಗಿ ಮಧ್ಯದ ಬೆರಳು.

ಆ ಬೆರಳು ಎತ್ತಿ: × × 0 2 3 0. ಗ ಹೋಗಿ ರಿ ಬಂತು, ಡಿ ಸಸ್2. ಬೆರಳು ವಾಪಸ್ ಇಟ್ಟು, ಕಿರುಬೆರಳನ್ನು ಅದೇ ತಂತಿಯ 3ನೇ ಫ್ರೆಟ್‌ಗೆ ಸೇರಿಸಿ: × × 0 2 3 3. ಗ ಮುಚ್ಚಿಹೋಗಿ ಮ ಬಂತು, ಡಿ ಸಸ್4. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಕಿರುಬೆರಳು ಬಂದಾಗ ಮಧ್ಯದ ಬೆರಳನ್ನು ಎತ್ತಬೇಡಿ. ಅದು 2ನೇ ಫ್ರೆಟ್ ಮೇಲೇ ಒತ್ತಿಕೊಂಡಿರಲಿ. ಕಿರುಬೆರಳು ತೆಗೆದ ಕ್ಷಣ ಗ ತಾನಾಗೇ ಕೇಳಿಸುತ್ತದೆ. ಮಧ್ಯದ ಬೆರಳು ಎದ್ದು ಮತ್ತೆ ಕೂರಬೇಕಾದರೆ ಪ್ರತಿ ಸಲವೂ ಒಂದು ಸಣ್ಣ ತಡ ಆಗುತ್ತದೆ, ಮಧ್ಯೆ ಬಿಟ್ಟ ತಂತಿಯ ರಿ ಬೇಡದೇ ಕೇಳಿಸುತ್ತದೆ.

ಡಿ ಮೈನರ್‌ಗೂ ಇದೇ ದಾರಿ. ಗ ಈಗ 1ನೇ ಫ್ರೆಟ್‌ನಲ್ಲಿದೆ, × × 0 2 3 1. ಬೆರಳು ಎತ್ತಿದರೆ × × 0 2 3 0, ಕಿರುಬೆರಳು ಸೇರಿಸಿದರೆ × × 0 2 3 3. ಗಮನಿಸಿದಿರಾ? ಮೇಜರ್‌ನಿಂದ ಹೊರಟರೂ ಮೈನರ್‌ನಿಂದ ಹೊರಟರೂ ಸಿಗುವ ಸಸ್ ಕಾರ್ಡ್‌ಗಳು ಒಂದೇ. ಎರಡನ್ನೂ ಬೇರೆ ಮಾಡುವ ಸ್ವರವನ್ನೇ ತೆಗೆದ ಮೇಲೆ ಬೇರೆ ಏನು ಉಳಿಯುತ್ತದೆ? ಹಾಗಾಗಿ ಸಸ್ ಕಾರ್ಡ್ ಹಿಡಿದಾಗ ಕೇಳುವವರಿಗೆ ಮುಂದೆ ಬರುವುದು ಮೇಜರೋ ಮೈನರೋ ಗೊತ್ತಿರುವುದಿಲ್ಲ. ಆ ಕುತೂಹಲವೇ ಇದರ ಶಕ್ತಿ.

ಎ ಮತ್ತು ಎ ಮೈನರ್ ಕೂಡ ಇದೇ ಗುಂಪಿನವು. ಗ ಒಂದೇ ಕಡೆ, 2ನೇ ತಂತಿಯಲ್ಲಿ. ಎ ಕಾರ್ಡ್ × 0 2 2 2 0, ಎ ಮೈನರ್ × 0 2 2 1 0. ಎರಡರಲ್ಲೂ 2ನೇ ತಂತಿಯ ಬೆರಳು ಎತ್ತಿದರೆ ಎ ಸಸ್2, ಅಲ್ಲೇ 3ನೇ ಫ್ರೆಟ್‌ನಲ್ಲಿ ಕಿರುಬೆರಳು ಇಟ್ಟರೆ ಎ ಸಸ್4. ಎ ಮೇಜರ್‌ನಲ್ಲಿ ಮೂರು ಬೆರಳು ಒಂದೇ ಫ್ರೆಟ್‌ನಲ್ಲಿ ಇಕ್ಕಟ್ಟಾಗಿ ಕೂತಿರುವುದರಿಂದ ಮೊದಮೊದಲು ಕಿರುಬೆರಳು ಸೊಟ್ಟ ಬೀಳುತ್ತದೆ. ಹೆಬ್ಬೆರಳನ್ನು ಗಿಟಾರಿನ ಕತ್ತಿನ ಹಿಂಭಾಗದಲ್ಲಿ ಸ್ವಲ್ಪ ಕೆಳಗೆ ಸರಿಸಿದರೆ ಜಾಗ ಸಿಗುತ್ತದೆ.

ಸಸ್ ಕಾರ್ಡ್ ಅಷ್ಟು ತಿಳಿಯಾಗಿ ಕೇಳಿಸುವುದು ಯಾಕೆ

ಅಕೌಸ್ಟಿಕ್ ಗಿಟಾರಿನಲ್ಲಿ ಡಿ ಸಸ್2 ಮೀಟಿ ಬಿಟ್ಟರೆ ಅದು ತುಂಬ ಹೊತ್ತು ನಿರ್ಮಲವಾಗಿ ತೇಲುತ್ತದೆ. ಬರೀ ಡಿ ಮೀಟಿದಾಗ ಅಷ್ಟು ತಿಳಿ ಇರುವುದಿಲ್ಲ. ಇದು ಭ್ರಮೆ ಅಲ್ಲ, ಇದಕ್ಕೆ ಲೆಕ್ಕ ಇದೆ.

ಫ್ರೆಟ್‌ಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುತ್ತವೆ. ಪ್ರತಿ ಪಾಲಿಗೆ 100 ಸೆಂಟ್. ಸ ದಿಂದ ಪ ಗೆ ಏಳು ಫ್ರೆಟ್, ಅಂದರೆ 700 ಸೆಂಟ್. ಸ್ವಾಭಾವಿಕವಾಗಿ ಹೊಂದುವ ಪ ಇರುವುದು 3:2 ಅನುಪಾತದಲ್ಲಿ, ಸುಮಾರು 702 ಸೆಂಟ್. ಎರಡು ಸೆಂಟ್ ವ್ಯತ್ಯಾಸ ಕಿವಿಗೆ ಗೊತ್ತೇ ಆಗುವುದಿಲ್ಲ. ಶುದ್ಧ ಮ ಕೂಡ ಹೀಗೇ, 500 ಇರುವ ಕಡೆ 498. ಆದರೆ ಗ ವಿಷಯ ಬೇರೆ. 5:4 ಅನುಪಾತದ ಸ್ವಾಭಾವಿಕ ಗ ಸುಮಾರು 386 ಸೆಂಟ್, ಫ್ರೆಟ್ ಕೊಡುವುದು 400. ಹದಿನಾಲ್ಕು ಸೆಂಟ್ ಜಾಸ್ತಿ. ಅಂದರೆ ಮೇಜರ್ ಕಾರ್ಡ್‌ನಲ್ಲಿ ಗ ಸದಾ ಸ್ವಲ್ಪ ಚೂಪಾಗಿ, ಸಣ್ಣಗೆ ನಡುಗುತ್ತಾ ಇರುತ್ತದೆ. ಅದನ್ನು ತೆಗೆದು ರಿ ಅಥವಾ ಮ ಇಟ್ಟಾಗ ಆ ನಡುಕ ನಿಲ್ಲುತ್ತದೆ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ. ಜಿ ಕಾರ್ಡ್ ಮೀಟಿ, 2ನೇ ತಂತಿ ಚೂಪಾಗಿದೆ ಅನ್ನಿಸಿ ಅದನ್ನು ಸ್ವಲ್ಪ ಇಳಿಸಿ ಶ್ರುತಿ ಮಾಡುವವರು ಬಹಳ. ಜಿಯಲ್ಲಿ ಬಿಟ್ಟ 2ನೇ ತಂತಿ ಗ ಆಗಿರುವುದರಿಂದ ಅದು ಸಿಹಿಯಾಗುತ್ತದೆ. ಆದರೆ ಡಿ ಹಿಡಿದ ತಕ್ಷಣ ಅದೇ ತಂತಿ ಸ ಆಗುತ್ತದೆ, ಮತ್ತು ಆ ಸ ಇಳಿದುಹೋಗಿರುತ್ತದೆ. ಟ್ಯೂನರ್ ಹೇಳಿದಷ್ಟಕ್ಕೆ ನಿಲ್ಲಿಸಿಬಿಡಿ. ಸಸ್ ಕಾರ್ಡ್‌ಗಳು ಶ್ರುತಿದೋಷವನ್ನು ಬೇಗ ಬಯಲು ಮಾಡುತ್ತವೆ.

ಹಿಂದಿನ ಕಾರ್ಡ್‌ನಿಂದ ಸ್ವರ ಉಳಿಸಿಕೊಳ್ಳುವುದು

ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು. ಸುಮ್ನೆ ಡಿ ಹಿಡಿದು ಕಿರುಬೆರಳು ಆಡಿಸುವುದು ಎಲ್ಲರಿಗೂ ಬರುತ್ತದೆ. ಸಸ್4 ಎಲ್ಲಿಂದ ಬಂತು ಅಂತ ತಿಳಿದರೆ ಅದನ್ನು ಎಲ್ಲಿ ಇಡಬೇಕು ಅಂತಲೂ ತಿಳಿಯುತ್ತದೆ.

ಯುರೋಪಿನ ಹಳೆಯ ಚರ್ಚ್ ಗಾಯನದಲ್ಲಿ ಹಲವು ದನಿಗಳು ಒಟ್ಟಿಗೆ ಹಾಡುತ್ತಿದ್ದವು. ಎಲ್ಲ ದನಿಗಳೂ ಮುಂದಿನ ಸ್ವರಕ್ಕೆ ಸರಿದಾಗ ಒಂದು ದನಿ ಮಾತ್ರ ಹಿಂದಿನ ಸ್ವರವನ್ನು ಬಿಡದೆ ಹಿಡಿದುಕೊಳ್ಳುತ್ತಿತ್ತು. ತಾಳದ ಗಟ್ಟಿ ಪೆಟ್ಟಿನ ಮೇಲೆ ಅದು ಒಂದು ಕ್ಷಣ ಉಳಿದವುಗಳ ಜತೆ ತಿಕ್ಕಾಡಿ, ಆಮೇಲೆ ಒಂದು ಮೆಟ್ಟಿಲು ಇಳಿದು ಸೇರಿಕೊಳ್ಳುತ್ತಿತ್ತು. ಸಸ್4ನ ಮೂಲ ಇದೇ. ಮ ಅನ್ನುವುದು ಹೊಸದಾಗಿ ತಂದು ಹಾಕಿದ ಸ್ವರ ಅಲ್ಲ, ಹಿಂದಿನಿಂದ ಉಳಿದುಕೊಂಡದ್ದು.

ಗಿಟಾರಿನಲ್ಲಿ ಇದನ್ನು ಮಾಡಿ ನೋಡಿ. ಜಿ ಕಾರ್ಡನ್ನು ನಾಲ್ಕು ಬೆರಳಿನಲ್ಲಿ ಹಿಡಿಯಿರಿ: 3 2 0 0 3 3. ಉಂಗುರಬೆರಳು 2ನೇ ತಂತಿ ಮೇಲೆ, ಕಿರುಬೆರಳು 1ನೇ ತಂತಿ ಮೇಲೆ, ಎರಡೂ 3ನೇ ಫ್ರೆಟ್. ಈಗ ಡಿಗೆ ಹೋಗಬೇಕು. ಈ ಎರಡು ಬೆರಳನ್ನು ಅಲ್ಲಾಡಿಸದೆ, ಉಳಿದ ಎರಡನ್ನು ಮಾತ್ರ ಸರಿಸಿ. ತೋರುಬೆರಳು 3ನೇ ತಂತಿ 2ನೇ ಫ್ರೆಟ್‌ಗೆ, ಮಧ್ಯದ ಬೆರಳು 1ನೇ ತಂತಿ 2ನೇ ಫ್ರೆಟ್‌ಗೆ. ಕೈಯಲ್ಲಿ ಈಗ ಇರುವುದು × × 0 2 3 3, ಡಿ ಸಸ್4. ಜಿಯ ಸ ಆಗಿದ್ದ ಮೇಲಿನ ಸ್ವರ ಏನೂ ಮಾಡದೆ ಡಿಯ ಮ ಆಗಿದೆ. ಮೊದಲ ಪೆಟ್ಟಿಗೆ ಇದನ್ನೇ ಮೀಟಿ, ಎರಡನೇ ಪೆಟ್ಟಿಗೆ ಕಿರುಬೆರಳು ಎತ್ತಿ. ಡಿ ಬಂದು ಕೂತ ರೀತಿಯೇ ಬೇರೆ ಅಲ್ವಾ?

ಇದು ಜಿ, ಡಿಗೆ ಮಾತ್ರ ಸೀಮಿತ ಅಲ್ಲ. ಹಿಂದಿನ ಕಾರ್ಡ್‌ನ ಸ ಮುಂದಿನ ಕಾರ್ಡ್‌ನ ಮ ಆಗುವ ಕಡೆಯೆಲ್ಲ ಹೀಗೇ. ಡಿಯಿಂದ ಎ ಕಾರ್ಡ್‌ಗೆ ಹೋಗುವಾಗ 2ನೇ ತಂತಿಯ 3ನೇ ಫ್ರೆಟ್ ಉಳಿಯುತ್ತದೆ: × 0 2 2 3 0, ಆಮೇಲೆ × 0 2 2 2 0. ಎ ಮೈನರ್‌ನಿಂದ ಇ ಕಾರ್ಡ್‌ಗೆ ಹೋಗುವಾಗ 3ನೇ ತಂತಿಯ 2ನೇ ಫ್ರೆಟ್ ಉಳಿಯುತ್ತದೆ: 0 2 2 2 0 0, ಆಮೇಲೆ 0 2 2 1 0 0. ಸಿಯಿಂದ ಜಿಗೆ ಹೋಗುವಾಗ 2ನೇ ತಂತಿಯ 1ನೇ ಫ್ರೆಟ್ ಉಳಿಯುತ್ತದೆ: 3 × 0 0 1 3. ಇದು ಜಿ ಸಸ್4. ಇಲ್ಲಿ 5ನೇ ತಂತಿ ಕೇಳಿಸಬಾರದು, ಯಾಕೆ ಅಂತ ಮುಂದೆ ಬರುತ್ತದೆ. ಆಮೇಲೆ ತೋರುಬೆರಳು ಎತ್ತಿದರೆ ಜಿ.

ಹೀಗೆ ಗಟ್ಟಿ ಪೆಟ್ಟಿನ ಮೇಲೆ ಸಸ್4 ಇಟ್ಟು ತಡವಾಗಿ ಬಿಡಿಸಿದರೆ ಹಾಡು ಒಂದು ನಿಟ್ಟುಸಿರು ಬಿಟ್ಟಂತೆ ಇರುತ್ತದೆ. ಅದೇ ಸಸ್4 ಅನ್ನು ಪೆಟ್ಟುಗಳ ನಡುವೆ ಹಗುರವಾಗಿ ಮುಟ್ಟಿ ಬಿಟ್ಟರೆ ಬರೀ ಅಲಂಕಾರ ಆಗುತ್ತದೆ. ‘ಒನ್ ಅಂಡ್ ಟು ಅಂಡ್ ತ್ರೀ ಅಂಡ್ ಫೋರ್ ಅಂಡ್’ ಅಂತ ಎಣಿಸುತ್ತಾ, ಒಂದು ಸುತ್ತು ‘ಒನ್’ ಮೇಲೆ ಸಸ್4 ಇಡಿ. ಇನ್ನೊಂದು ಸುತ್ತು ‘ಟು’ ಆದಮೇಲಿನ ‘ಅಂಡ್’ ಮೇಲೆ ಇಡಿ. ಬೆರಳು ಅದೇ, ಭಾವ ಬೇರೆ.

ಇ ಕಾರ್ಡ್‌ನಲ್ಲಿ ಬೆರಳು ಎತ್ತಿದರೆ ರಿ ಬರುವುದಿಲ್ಲ

ಇ ಕಾರ್ಡ್ 0 2 2 1 0 0. ಗ ಇಲ್ಲೂ ಒಂದೇ ಕಡೆ, 3ನೇ ತಂತಿ 1ನೇ ಫ್ರೆಟ್‌ನಲ್ಲಿ. ಆದರೆ ತೋರುಬೆರಳು ಎತ್ತಿದರೆ ಬರುವುದು ರಿ ಅಲ್ಲ, ಸಾಧಾರಣ ಗ. ಅಂದರೆ ಇ ಮೈನರ್. ರಿ ಇನ್ನೂ ಒಂದು ಫ್ರೆಟ್ ಕೆಳಗಿದೆ, ಬಿಟ್ಟ ತಂತಿಗಿಂತ ಕೆಳಗೆ ಹೋಗಲು ಆಗುವುದಿಲ್ಲ. ಹಾಗಾಗಿ ಇ ಕಾರ್ಡ್‌ನ ಸೊಗಸು ಬೇರೆ ಥರದ್ದು. ತೋರುಬೆರಳು ಎತ್ತಿ ಮೀಟಿ, ತಕ್ಷಣ ಆ ಬೆರಳನ್ನು 1ನೇ ಫ್ರೆಟ್ ಮೇಲೆ ಬಡಿಯಿರಿ. ಮೈನರ್‌ನಿಂದ ಮೇಜರ್‌ಗೆ ಜಾರುವ ಈ ಸದ್ದು ಬ್ಲೂಸ್ ಕೇಳಿದವರಿಗೆಲ್ಲ ಪರಿಚಿತ. ನಿಧಾನವಾಗಿ ಮಾಡಿದರೆ ಎರಡು ಬೇರೆ ಬೇರೆ ಕಾರ್ಡ್‌ನಂತೆ ಕೇಳಿಸುತ್ತದೆ. ಚುರುಕಾಗಿ ಮಾಡಿದರೆ ಮಾತ್ರ ಒಂದೇ ಗಮಕದಂತೆ ಕೇಳಿಸುತ್ತದೆ.

ಇ ಮೈನರ್‌ನಲ್ಲಿ ಗ ಬಿಟ್ಟ ತಂತಿಯಲ್ಲೇ ಇರುವುದರಿಂದ ಎತ್ತಲು ಬೆರಳೇ ಇಲ್ಲ. ಅಲ್ಲಿ 4ನೇ ತಂತಿಯ 4ನೇ ಫ್ರೆಟ್‌ಗೆ ಕಿರುಬೆರಳು ಕಳಿಸಿ: 0 2 4 0 0 0. ಗ ಹಾಗೇ ಇದೆ, ಪಕ್ಕದಲ್ಲೇ ರಿ ಸೇರಿದೆ. ಇದು ಆಡ್9. ಎರಡು ಸ್ವರಗಳ ನಡುವೆ ಒಂದೇ ಫ್ರೆಟ್ ಅಂತರ ಇರುವುದರಿಂದ ತುಸು ನೋವಿರುವ, ಆದರೆ ಬಹಳ ಚೆಂದದ ಸದ್ದು.

ಸಿ ಮತ್ತು ಜಿ: ಎರಡೆರಡು ಗ

ಡಿಯಲ್ಲಿ ಇಷ್ಟು ಸುಲಭವಾಗಿ ಬಂದದ್ದು ಸಿ, ಜಿಯಲ್ಲಿ ಯಾಕೆ ಬರುವುದಿಲ್ಲ ಅಂತ ತುಂಬ ಜನ ಕೇಳುತ್ತಾರೆ. ಕಾರಣ ಸರಳ. ಇವೆರಡರಲ್ಲೂ ಗ ಎರಡು ಕಡೆ ಇದೆ.

ಸಿ ಕಾರ್ಡ್ × 3 2 0 1 0. ಸ, ಗ, ಪ, ಸ, ಗ. ಒಂದು ಗ 4ನೇ ತಂತಿ 2ನೇ ಫ್ರೆಟ್‌ನಲ್ಲಿ, ಇನ್ನೊಂದು ಬಿಟ್ಟ 1ನೇ ತಂತಿಯಲ್ಲಿ. ಮಧ್ಯದ ಬೆರಳು ಎತ್ತಿದರೆ 4ನೇ ತಂತಿಯಲ್ಲಿ ರಿ ಬರುತ್ತದೆ, ಆದರೆ 1ನೇ ತಂತಿಯ ಗ ಅಲ್ಲೇ ಇರುತ್ತದೆ. ಸಿಗುವುದು ಸಸ್2 ಅಲ್ಲ, ಆಡ್9. ಅದೂ ಚೆನ್ನಾಗೇ ಇರುತ್ತದೆ. ಕಷ್ಟ ಬರುವುದು ಸಸ್4ನಲ್ಲಿ. 4ನೇ ತಂತಿಯ 3ನೇ ಫ್ರೆಟ್‌ಗೆ ಕಿರುಬೆರಳು ಇಟ್ಟು ಮ ತಂದರೆ, ಮೇಲೆ ಬಿಟ್ಟ ತಂತಿಯ ಗ ಅದರ ಜತೆ ಕಚ್ಚಾಡುತ್ತದೆ. ಒಂದೋ 1ನೇ ತಂತಿ ಮೀಟದೆ ಬಿಡಿ, ಇಲ್ಲವೇ ತೋರುಬೆರಳನ್ನು ಸ್ವಲ್ಪ ಮಲಗಿಸಿ ಎರಡು ತಂತಿ ಒತ್ತಿ: × 3 3 0 1 1.

ಸಿಯ ನಿಜವಾದ ಸೊಬಗು ಇರುವುದು ಆ 4ನೇ ತಂತಿಯ ರಿ-ಗ ಜಾರುವಿಕೆಯಲ್ಲಿ. ಉಂಗುರಬೆರಳು, ತೋರುಬೆರಳು ತಮ್ಮ ಜಾಗದಲ್ಲಿ ಇರಲಿ. ಮಧ್ಯದ ಬೆರಳು 4ನೇ ತಂತಿಯ ಮೇಲೆ ಗಾಳಿಯಲ್ಲಿ ಕಾಯುತ್ತಿರಲಿ. ‘ಒನ್’ಗೆ 5ನೇ ತಂತಿ ಮೀಟಿ. ‘ಟು’ಗೆ ಬಿಟ್ಟ 4ನೇ ತಂತಿ ಮೀಟಿ, ‘ಅಂಡ್’ಗೆ ಮಧ್ಯದ ಬೆರಳು ಬೀಳಲಿ. ‘ತ್ರೀ’ಗೆ ಮೇಲಿನ ಮೂರು ತಂತಿಗಳನ್ನು ಸವರಿ. ಒಂದೇ ಕಾರ್ಡ್, ಆದರೆ ಕೆಳಗೆ ಒಬ್ಬರು, ಮೇಲೆ ಒಬ್ಬರು ನುಡಿಸಿದಂತೆ.

ಈ ಕೆಳ ತಂತಿಗಳ ಆಟಕ್ಕೆ ಒಂದು ದೊಡ್ಡ ಪರಂಪರೆಯೇ ಇದೆ. 1927ರ ಆಗಸ್ಟ್‌ನಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಬ್ರಿಸ್ಟಲ್‌ನಲ್ಲಿ ಕಾರ್ಟರ್ ಫ್ಯಾಮಿಲಿ ತಂಡ ಮೊದಲ ಸಲ ಧ್ವನಿಮುದ್ರಣ ಮಾಡಿತು. ಅದರಲ್ಲಿ ಗಿಟಾರ್ ನುಡಿಸಿದ ಮೇಬೆಲ್ ಕಾರ್ಟರ್ ಹೆಬ್ಬೆರಳಿನಿಂದ ದಪ್ಪ ತಂತಿಗಳಲ್ಲಿ ರಾಗ ನುಡಿಸುತ್ತಾ, ಉಳಿದ ಬೆರಳಿನಿಂದ ತೆಳು ತಂತಿಗಳನ್ನು ಸವರಿ ತಾಳ ಕೊಡುತ್ತಿದ್ದರು. ಓಪನ್ ಕಾರ್ಡ್ ಬಿಟ್ಟು ಬಹಳ ದೂರ ಹೋಗದೇ ರಾಗವೂ ಪಕ್ಕವಾದ್ಯವೂ ಒಂದೇ ಕೈಯಲ್ಲಿ. ಅವರ ಧ್ವನಿಮುದ್ರಣಗಳಲ್ಲಿ ದಪ್ಪ ತಂತಿಗಳಿಗೆ ಮಾತ್ರ ಕಿವಿ ಕೊಟ್ಟು ಒಮ್ಮೆ ಕೇಳಿ. ಗಿಟಾರ್ ಕಲಿಯುವವರಿಗೆ ಅದು ಒಂದು ಪಾಠ.

ಜಿ ಇನ್ನೂ ಹಟಮಾರಿ. 3 2 0 0 0 3 ಹಿಡಿದರೆ ಸ, ಗ, ಪ, ಸ, ಗ, ಸ. ಒಂದು ಗ 5ನೇ ತಂತಿಯಲ್ಲಿ, ಕೆಳಗೆ ಗುಡುಗುತ್ತಾ ಇರುತ್ತದೆ. ಇನ್ನೊಂದು ಬಿಟ್ಟ 2ನೇ ತಂತಿಯಲ್ಲಿ. ಜಿ ಸಸ್4 ಹಿಡಿದಾಗ 5ನೇ ತಂತಿ ಕೇಳಿಸಬಾರದು ಅಂದದ್ದು ಇದಕ್ಕೇ. ಅಲ್ಲಿ ಗ ಉಳಿದರೆ ಮೇಲಿನ ಮ ಅರ್ಥ ಕಳೆದುಕೊಳ್ಳುತ್ತದೆ. 6ನೇ ತಂತಿ ಒತ್ತಿದ ಬೆರಳನ್ನು ಸ್ವಲ್ಪ ಒರಗಿಸಿ, ಅದರ ಅಂಚು 5ನೇ ತಂತಿಗೆ ತಾಗುವಂತೆ ಮಾಡಿದರೆ ಆ ತಂತಿ ಸುಮ್ಮನಾಗುತ್ತದೆ.

ನಾಲ್ಕು ಬೆರಳಿನ ಜಿಯಲ್ಲಿ, ಅಂದರೆ 3 2 0 0 3 3ರಲ್ಲಿ, 2ನೇ ತಂತಿಯ ಗ ಹೋಗಿ ಪ ಬಂದಿರುತ್ತದೆ. ಉಳಿದದ್ದು ಕೆಳಗಿನ ಗ ಒಂದೇ. 5ನೇ ತಂತಿಯನ್ನೂ ಸುಮ್ಮನಾಗಿಸಿದರೆ ಗ ಪೂರ್ತಿ ಮಾಯ. ಆಗ ಬರುವ ಸದ್ದು ವಿಶಾಲ, ಗಟ್ಟಿ, ಮೇಜರೂ ಅಲ್ಲ ಮೈನರೂ ಅಲ್ಲ.

ಆ ಎರಡು ಬೆರಳುಗಳನ್ನು, 2 ಮತ್ತು 1ನೇ ತಂತಿಯ 3ನೇ ಫ್ರೆಟ್‌ನಲ್ಲಿ, ಹಾಗೇ ಇಟ್ಟುಕೊಂಡು ಉಳಿದ ಬೆರಳುಗಳನ್ನು ಮಾತ್ರ ಬದಲಿಸುತ್ತಾ ಹೋದರೆ ಸಿ ಆಡ್9 (× 3 2 0 3 3), ಇ ಮೈನರ್7 (0 2 2 0 3 3), ಡಿ ಸಸ್4 ಎಲ್ಲ ಸಿಗುತ್ತವೆ. ಲೆಕ್ಕವಿಲ್ಲದಷ್ಟು ಹಾಡುಗಳು ಇದೇ ತಂತ್ರದ ಮೇಲೆ ನಿಂತಿವೆ. ಕೈಗೆ ಬಹಳ ಆರಾಮ. ಆದರೆ ಮೇಲಿನ ಎರಡು ಸ್ವರ ಹಾಡಿನುದ್ದಕ್ಕೂ ಬದಲಾಗದೆ ಇದ್ದರೆ ಕಾರ್ಡ್ ಬದಲಾದದ್ದೇ ಗೊತ್ತಾಗುವುದಿಲ್ಲ. ಪಲ್ಲವಿಗೆ ಇಟ್ಟುಕೊಂಡು, ಚರಣದಲ್ಲಿ ಮಾಮೂಲಿ ಸಿ, ಮಾಮೂಲಿ ಜಿಗೆ ಬಂದರೆ ಎರಡಕ್ಕೂ ಬೆಲೆ ಬರುತ್ತದೆ.

ಬಡಿಯುವುದು, ಕೀಳುವುದು

ಹ್ಯಾಮರ್-ಆನ್ ಅಂದರೆ ಮೀಟಿದ ತಂತಿ ಇನ್ನೂ ಕಂಪಿಸುತ್ತಿರುವಾಗಲೇ ಬೆರಳನ್ನು ಅದರ ಮೇಲೆ ಬಡಿದು ಮುಂದಿನ ಸ್ವರ ಹುಟ್ಟಿಸುವುದು. ಇದಕ್ಕೆ ಬೇಕಾದ್ದು ಬಲಕ್ಕಿಂತ ವೇಗ. ಬೆರಳು ದೂರದಿಂದ ಬರಬೇಕಿಲ್ಲ, ಫ್ರೆಟ್ ಕಂಬಿಯ ಪಕ್ಕದಲ್ಲೇ, ಅದಕ್ಕೆ ತಾಗಿದಂತೆ ಬೀಳಬೇಕು. ಎರಡು ಫ್ರೆಟ್‌ಗಳ ಮಧ್ಯೆ ಬಿದ್ದರೆ ಸದ್ದು ಅರ್ಧಕ್ಕರ್ಧ ಹೋಗುತ್ತದೆ.

ಪುಲ್-ಆಫ್ ಇದರ ಉಲ್ಟಾ. ಇಲ್ಲಿ ಬೆರಳನ್ನು ನೇರ ಮೇಲೆತ್ತಿದರೆ ಸ್ವರ ಸತ್ತುಹೋಗುತ್ತದೆ. ಏಳುವಾಗ ತಂತಿಯನ್ನು ನೆಲದ ಕಡೆಗೆ ಸಣ್ಣಗೆ ಕೆರೆದು ಬಿಡಬೇಕು. ಒತ್ತುವ ಕೈಯೇ ಒಂದು ಸಲ ಮೀಟಿದ ಹಾಗೆ. ಡಿಯಲ್ಲಿ ಕಿರುಬೆರಳಿನಿಂದ ಇದನ್ನು ಮಾಡುವಾಗ ಜಾಸ್ತಿ ಎಳೆದರೆ 1ನೇ ತಂತಿ ಫ್ರೆಟ್‌ಬೋರ್ಡ್ ಅಂಚಿನಿಂದ ಜಾರಿಬಿಡಬಹುದು, ಕೆಳಗೆ ಒತ್ತಿರುವ ಮಧ್ಯದ ಬೆರಳು ಅದನ್ನು ಹಿಡಿದಿಟ್ಟುಕೊಳ್ಳಬೇಕು.

ಉಕ್ಕಿನ ತಂತಿಗಳಲ್ಲಿ ಇದು ಕಷ್ಟವಾದರೆ ಬೆರಳಿನದ್ದಷ್ಟೇ ತಪ್ಪಲ್ಲ. ಅಕೌಸ್ಟಿಕ್‌ಗೆ ಸಾಮಾನ್ಯವಾಗಿ ಹಾಕುವ ಲೈಟ್ ತಂತಿಗಳ ಸೆಟ್‌ನಲ್ಲಿ 1ನೇ ತಂತಿ 0.012 ಇಂಚು ದಪ್ಪ. 0.010 ಇಂಚಿನ ಎಕ್ಸ್‌ಟ್ರಾ ಲೈಟ್ ಸೆಟ್ ಹಾಕಿದರೆ ಬೆರಳಿಗೆ ಗಮನಿಸುವಷ್ಟು ಹಗುರ ಆಗುತ್ತದೆ. ಸದ್ದು ತುಸು ತೆಳ್ಳಗಾಗುತ್ತದೆ, ಕಲಿಯುವ ದಿನಗಳಲ್ಲಿ ಆ ನಷ್ಟ ದೊಡ್ಡದಲ್ಲ.

ಇನ್ನು ಮೀಟುವ ಕೈ. ಒತ್ತುವ ಕೈ ಏನೇ ಚಮತ್ಕಾರ ಮಾಡಲಿ, ಮೀಟುವ ಕೈ ನಿಲ್ಲಬಾರದು, ಕಾಯಬಾರದು. ಕೆಳಗೆ, ಮೇಲೆ, ಕೆಳಗೆ, ಮೇಲೆ ಅಂತ ಅದು ತನ್ನ ಪಾಡಿಗೆ ಹೋಗುತ್ತಿರಬೇಕು. ಬೆರಳು ಬಡಿಯುವ ಹೊತ್ತಿಗೆ ಆ ಕೈ ತಂತಿ ಮುಟ್ಟದೆ ಗಾಳಿಯಲ್ಲಿ ಹಾದುಹೋಗುತ್ತದೆ. ತಾಳದ ಪೆಟ್ಟು ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಒಂದೇ ಕಾರ್ಡ್‌ನಲ್ಲಿ ಒಂದೇ ಹ್ಯಾಮರ್-ಆನ್ ಅಭ್ಯಾಸ ಮಾಡಿ. ಬಡಿದ ಸ್ವರ ಮೀಟಿದ ಸ್ವರದಷ್ಟೇ ಕೇಳಿಸುವವರೆಗೆ ವೇಗ ಹೆಚ್ಚಿಸಬೇಡಿ.

ಸ ಕೂಡ ಚಲಿಸಬಹುದು

ಇಷ್ಟು ಹೊತ್ತು ಗ ಸುತ್ತಲೇ ತಿರುಗಿದೆವು. ಡಿಯಲ್ಲಿ ಸ ಎರಡು ಕಡೆ ಇದೆ: 4ನೇ ತಂತಿಯಲ್ಲಿ ಒಂದು, 2ನೇ ತಂತಿಯಲ್ಲಿ ಒಂದು. ಕೆಳಗಿನದು ನೆಲ ಹಿಡಿದಿರುವುದರಿಂದ ಮೇಲಿನದಕ್ಕೆ ಸ್ವಾತಂತ್ರ್ಯ ಇದೆ. ಅದನ್ನು ಒಂದೊಂದೇ ಫ್ರೆಟ್ ಇಳಿಸಿ.

× × 0 2 3 2, ಡಿ. × × 0 2 2 2, ಡಿ ಮೇಜರ್7. × × 0 2 1 2, ಡಿ7. ಆಮೇಲೆ ಜಿ, 3 2 0 0 0 3. 2ನೇ ತಂತಿಯನ್ನು ಮಾತ್ರ ಕೇಳಿಸಿಕೊಳ್ಳಿ. ಸ, ಕಾಕಲಿ ನಿ, ಕೈಶಿಕಿ ನಿ, ಆಮೇಲೆ ಧ. ಮೂರು, ಎರಡು, ಒಂದು, ಬಿಟ್ಟ ತಂತಿ. ಆ ಕೊನೆಯ ಸ್ವರ ಡಿಗೆ ಧ ಆಗಿತ್ತು. ಜಿ ಬಂದ ಕ್ಷಣ ಅದೇ ಜಿಯ ಗ ಆಯಿತು. ಇಡೀ ಇಳಿಜಾರು ಹೋಗಿ ನಿಂತದ್ದು ಮುಂದಿನ ಕಾರ್ಡ್‌ನ ಗ ಮೇಲೆ. ಅದಕ್ಕೇ ಅಲ್ಲಿ ಮುಟ್ಟಿದಾಗ ಮನೆ ತಲುಪಿದ ಸಮಾಧಾನ.

ಡಿ ಮೈನರ್‌ನಲ್ಲೂ ಇದೇ ಎಳೆ ಇಳಿಯುತ್ತದೆ: × × 0 2 3 1, × × 0 2 2 1, × × 0 2 1 1, × × 0 2 0 1. ಇದು ಇನ್ನೂ ಗಾಢ.

ಯಾವಾಗ ಬೇಡ

ಇದೆಲ್ಲ ಕೈಗೆ ಬಂದ ಮೇಲೆ ಪ್ರತಿ ಕಾರ್ಡ್‌ನಲ್ಲೂ ಏನಾದರೂ ಮಾಡಬೇಕು ಅನ್ನಿಸುತ್ತದೆ. ಹಾಗೆ ಮಾಡಿದರೆ ಹಾಡುವವರಿಗೆ ಕಷ್ಟ. ಹಾಡಿನ ಸ್ವರ ಗ ಮೇಲೆ ನಿಂತಿರುವಾಗ ನೀವು ಸಸ್4 ಹಿಡಿದರೆ, ಅವರ ಗ ಮತ್ತು ನಿಮ್ಮ ಮ ಒಂದೆರಡು ಫ್ರೆಟ್ ಅಂತರದಲ್ಲಿ ಗುದ್ದಾಡುತ್ತವೆ. ಮೇಜರ್ ಕಾರ್ಡ್‌ನಲ್ಲಂತೂ ಅದು ಶ್ರುತಿ ತಪ್ಪಿದಂತೆಯೇ ಕೇಳಿಸುತ್ತದೆ, ಹಾಡುವವರು ತಾವೇ ತಪ್ಪಿದೆವೇನೋ ಅಂದುಕೊಳ್ಳುತ್ತಾರೆ. ಅವರು ಮ ಮೇಲಿದ್ದರೆ ಅದೇ ಸಸ್4 ಅವರಿಗೆ ಬೆಂಬಲ. ಹಾಗಾಗಿ ಹಾಡಿನ ಸ್ವರ ಎಲ್ಲಿದೆ ಅಂತ ಕೇಳಿಸಿಕೊಂಡು ಬೆರಳು ಇಡಿ. ಗೊತ್ತಾಗದಿದ್ದರೆ ಸಾಲು ಮುಗಿದು ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗ ಸುರಕ್ಷಿತ. ಅಲ್ಲಿ ಗಿಟಾರ್ ಏನು ಹೇಳಿದರೂ ಕೇಳಿಸುತ್ತದೆ, ಯಾರಿಗೂ ಅಡ್ಡ ಬರುವುದಿಲ್ಲ.

ಎರಡು ಗಿಟಾರ್ ಇದ್ದರೆ ಒಬ್ಬರು ಮಾತ್ರ ಅಲಂಕಾರ ಮಾಡಲಿ. ಒಬ್ಬರ ರಿ, ಇನ್ನೊಬ್ಬರ ಮ ಒಟ್ಟಿಗೆ ಬಂದರೆ ಕಾರ್ಡ್ ಯಾವುದು ಅಂತಲೇ ತಿಳಿಯುವುದಿಲ್ಲ.

ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್, ಹಾಕಿದರೆ ಇವೆಲ್ಲವೂ ಹಾಗೇ ಮೇಲಕ್ಕೆ ಬರುತ್ತವೆ. 2ನೇ ಫ್ರೆಟ್‌ನಲ್ಲಿ ಕೇಪೋ ಇಟ್ಟು ಡಿ ಆಕಾರ ಹಿಡಿದರೆ ಕೇಳಿಸುವುದು ಇ. ಇ ಶ್ರುತಿಯ ಹಾಡಿಗೂ ಡಿಯ ಸಸ್2, ಸಸ್4 ಎರಡೂ ಸಿಕ್ಕವು. ಮಾಮೂಲಿ ಇ ಆಕಾರದಲ್ಲಿ ಬೆರಳು ಎತ್ತಿದರೆ ಸಿಗದಿದ್ದ ರಿ ಇಲ್ಲಿ ಸುಲಭವಾಗಿ ಸಿಗುತ್ತದೆ.

ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಹಿಡಿಯುವ ಬಾರ್ ಕಾರ್ಡ್‌ಗಳಿಗೂ ಅದೇ ಪ್ರಶ್ನೆ ಕೇಳಬಹುದು. ಎಫ್ ಕಾರ್ಡ್ 1 3 3 2 1 1. ಇದು ಇ ಆಕಾರವೇ, ಗ 3ನೇ ತಂತಿಯಲ್ಲಿದೆ. ಬಿ ಮೈನರ್ × 2 4 4 3 2. ಇದು ಎ ಮೈನರ್ ಆಕಾರ, ಗ 2ನೇ ತಂತಿಯ 3ನೇ ಫ್ರೆಟ್‌ನಲ್ಲಿ. ಅಲ್ಲಿರುವ ಬೆರಳು ಎತ್ತಿದರೆ ಹಿಂದೆ ಮಲಗಿರುವ ತೋರುಬೆರಳು 2ನೇ ಫ್ರೆಟ್ ಒತ್ತಿ ಹಿಡಿದೇ ಇರುತ್ತದೆ: × 2 4 4 2 2. ಬಿ ಸಸ್2 ಸಿಕ್ಕಿತು. ಬೆರಳು ವಾಪಸ್ ಇಟ್ಟರೆ ಬಿ ಮೈನರ್.